ಒಣಗಿದರೆ ಸರಿಹೋಗುತ್ತದೆ

ನನ್ನ ನಾಲಿಗೆ ನೆಟ್ಟಗಿಲ್ಲ ಎಂದು ಮನೆಯವರೆಲ್ಲ ಹೇಳುತ್ತಾರೆ, ಒಪ್ಪುತ್ತೇನೆ. ಆದರೆ ನನ್ನ ಗೆರೆ ನೆಟ್ಟಗಿಲ್ಲ ಎಂದು ಈವರೆಗೆ ಯಾರೂ ಹೇಳಿಲ್ಲ. ಅಪ್ಪನ ಅಂಗಡಿಯಲ್ಲಿ ಬೋರ್ಡು ಬರೆಯುತ್ತಲೇ ಬೆಳೆದವಳು ನಾನು. ಬೇಕರಿ, ಔಷಧಿ ಅಂಗಡಿ, ಟೈಲರ್ ಅಂಗಡಿ, ಲಾರಿಯ ಹಿಂಬದಿ, ಯಾವುದನ್ನೂ ಬಿಟ್ಟಿಲ್ಲ. ಅಕ್ಷರ ಕೂದಲೆಳೆಯಷ್ಟು ವಾಲಿದರೂ ಅಪ್ಪ ಒರೆಸಿ ಮತ್ತೆ ಬರೆಸುತ್ತಿದ್ದರು. ಆ ಶಿಸ್ತು ಎಷ್ಟು ಮೈಗೆ ಹತ್ತಿದೆ ಎಂದರೆ, ಯಾರ ಮನೆಯಲ್ಲಾದರೂ ಗೋಡೆಯ ಫೋಟೊ ಸೊಟ್ಟಗಿದ್ದರೆ ಅವರು ಕೊಟ್ಟ ಕಾಫಿ ನನ್ನ ಗಂಟಲಿಗೆ ಇಳಿಯುವುದಿಲ್ಲ. ಎದ್ದು ಸರಿಮಾಡಿದ ಮೇಲೆಯೇ ಲೋಟ ಎತ್ತುತ್ತೇನೆ.

ಹಾಗಾಗಿ ತಂಗಿ ತನ್ನ ಶಾಲೆಯ ಗೋಡೆಯ ಕೆಲಸಕ್ಕೆ ಕರೆದಾಗಲೇ ಷರತ್ತು ಹಾಕಿದಳು. ಅವಳು ಅಲ್ಲಿ ಟೀಚರ್. ಶಾಲೆಯ ಮುಂದೆ, ಬಸ್ಸುಗಳು ಓಡಾಡುವ ರಸ್ತೆಗೆ ಮುಖಮಾಡಿದ ಉದ್ದನೆಯ ಕಾಂಪೌಂಡ್ ಗೋಡೆ. ಅದರ ಮೇಲೆ ಅವಳ ಕ್ಲಾಸಿನ ಮಕ್ಕಳೆಲ್ಲ ಸೇರಿ ಒಂದು ಬೀದಿಯನ್ನು ಬಿಡಿಸಬೇಕು. ಬೀದಿಯಲ್ಲಿ ಏನಿರಬೇಕು ಎಂಬುದನ್ನು ಒಬ್ಬೊಬ್ಬರೂ ತಾವೇ ಆರಿಸಿಕೊಳ್ಳಬೇಕು. ಗೋಡೆ ಕೆರೆದು ಪ್ರೈಮರ್ ಬಳಿಯುವುದು, ಬಣ್ಣ ಕಲಸಿಕೊಡುವುದು, ಬ್ರಷ್ ಹಿಡಿಯಲು ಕಲಿಸುವುದು, ಇಷ್ಟು ನನ್ನ ಪಾಲಿನದು.

“ಅಕ್ಕಾ, ಒಂದೇ ಮಾತು. ಮಕ್ಕಳು ಬಿಡಿಸಿದ್ದನ್ನ ನೀನು ಮುಟ್ಟಬಾರದು,” ಎಂದಳು.

“ನನಗೇನು ಹುಚ್ಚಾ?”

“ಹುಚ್ಚಲ್ಲ, ಚಟ. ಚಿಕ್ಕವಳಿದ್ದಾಗ ನನ್ನ ಡ್ರಾಯಿಂಗ್ ತಿದ್ದಿಕೊಟ್ಟೆಯಲ್ಲ, ಬಹುಮಾನ ಬಂತು ನೋಡು. ಆ ಬಹುಮಾನದ ಕಪ್ಪನ್ನ ಇವತ್ತಿಗೂ ಯಾರಿಗೂ ತೋರಿಸೋಕೆ ನನಗೆ ಮನಸ್ಸಾಗಿಲ್ಲ.”

“ಯಾವ ಕಾಲದ ಮಾತು ತೆಗೀತೀಯೇ. ಆಯ್ತು ತಾಯಿ, ಮುಟ್ಟಲ್ಲ.”

ಮಕ್ಕಳು ಬಂದರು ನೋಡಿ, ಸಂತೆಯೇ ಬಂದ ಹಾಗಾಯಿತು. ಐಸ್‌ಕ್ರೀಮ್ ಗಾಡಿ ನನ್ನದು ಎಂದು ಇಬ್ಬರು ಜಗಳ ತೆಗೆದರು. ಕೊನೆಗೆ ಒಬ್ಬನಿಗೆ ಗಾಡಿ, ಇನ್ನೊಬ್ಬನಿಗೆ ಐಸ್‌ಕ್ರೀಮ್ ಎಂದು ಪಂಚಾಯ್ತಿ ಮಾಡಬೇಕಾಯಿತು. ಒಬ್ಬ ಹುಡುಗಿ ಬರೀ ಬೆಕ್ಕುಗಳನ್ನೇ ಬಿಡಿಸುವುದಾಗಿ ಹೇಳಿದಳು. ಬೀದಿದೀಪ, ಮರ, ಚಪ್ಪಲಿ ಹೊಲಿಯುವವನ ಕೊಡೆ, ಎಲ್ಲಕ್ಕೂ ಹಕ್ಕುದಾರರು ಸಿಕ್ಕಿದರು.

ಅವರಲ್ಲೊಬ್ಬಳನ್ನು ಎಲ್ಲರೂ ಪಟಪಟಿ ಎಂದು ಕರೆಯುತ್ತಿದ್ದರು. ಬಾಯಿ ಒಂದು ಕ್ಷಣ ಮುಚ್ಚುತ್ತಿರಲಿಲ್ಲ, ಅದಕ್ಕೇ ಆ ಹೆಸರು. ಹುಟ್ಟಿದಾಗಿನಿಂದ ಅವಳ ಬಲಗೈ ನಡುಗುತ್ತದೆ. ಏನಾದರೂ ಹಿಡಿಯಹೋದರೆ ನಡುಕ ಇನ್ನೂ ಜಾಸ್ತಿ. ಅದನ್ನು ಅವಳು ಮುಚ್ಚಿಡುತ್ತಿರಲಿಲ್ಲ. ಮೊದಲ ದಿನವೇ ನನ್ನ ಮುಂದೆ ಕೈ ಚಾಚಿ ತೋರಿಸಿದಳು.

“ಪೇಂಟರ್ ಆಂಟಿ, ನನ್ನ ಕೈ ಹೀಗೆ. ಬಣ್ಣ ನಿಮ್ಮ ಮೇಲೆ ಹಾರಿದ್ರೆ ಬೈಬೇಡಿ. ನಾನು ಬಸ್ಸು ಬಿಡಿಸ್ತೀನಿ. ನಮ್ಮಪ್ಪ ಬಸ್ ಡ್ರೈವರ್. ದಿನಾ ಈ ಗೋಡೆ ಮುಂದೇನೇ ಹೋಗೋದು. ಮುಗಿಯೋವರೆಗೂ ಅವರು ನೋಡಬಾರದು.”

“ಗೋಡೇನ ಎಲ್ಲಿ ಬಚ್ಚಿಡ್ತೀಯೇ?”

ಅದಕ್ಕೂ ಅವಳ ಹತ್ತಿರ ಉಪಾಯವಿತ್ತು. ಹಳೆಯ ಪೇಪರ್‌ಗಳನ್ನು ಒಂದಕ್ಕೊಂದು ಅಂಟಿಸಿ, ಮೇಲ್ಗಡೆ ಮಾತ್ರ ಟೇಪ್ ಹಾಕಿ, ತನ್ನ ಜಾಗಕ್ಕೆ ಪರದೆ ಇಳಿಬಿಟ್ಟಳು. ಬಣ್ಣ ಹಚ್ಚುವಾಗ ಪರದೆಯ ಒಳಗೇ ನುಗ್ಗಿ ಕೂರುತ್ತಿದ್ದಳು. ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಬಿಗಿಯಾಗಿ ಹಿಡಿದು ಬ್ರಷ್ ಎಳೆಯುತ್ತಿದ್ದಳು. ಬೇರೆ ಮಕ್ಕಳು ಇಣುಕಿದರೆ ಗದರಿಸಿ ಓಡಿಸುತ್ತಿದ್ದಳು. ಒಮ್ಮೆ ನಾನು, “ಕೈ ಹಿಡೀಲಾ?” ಎಂದೆ.

“ಬೇಡ ಆಂಟಿ. ನೀವು ಹಿಡಿದ್ರೆ ಅದು ನಿಮ್ಮ ಬಸ್ಸಾಗುತ್ತೆ,” ಎಂದಳು ಒಳಗಿನಿಂದ. ನನಗೆ ನಗು ಬಂತು.

ಎಲ್ಲ ಶುರುವಾಗಿದ್ದು ಬೀದಿದೀಪದ ಹುಡುಗನಿಂದ. ಬ್ರಷ್ಷಿಗೆ ಬಣ್ಣ ಜಾಸ್ತಿ ಅದ್ದಿಕೊಂಡಿದ್ದ. ಕಂಬದಿಂದ ಬಣ್ಣ ಉದ್ದಕ್ಕೆ ಇಳಿಯಿತು. ಅವನು ಅಳಲು ಶುರುಮಾಡಿದ. “ಅಳಬೇಡವೋ, ಒಣಗಿದ್ರೆ ಸರಿಹೋಗುತ್ತೆ,” ಎಂದುಬಿಟ್ಟೆ. ಅಂಗಡಿಯವರಿಗೆ ನಾವು ಯಾವಾಗಲೂ ಹೇಳುವ ಮಾತದು. ಬ್ರಷ್ಷಿನ ಎಳೆಗಳ ಗುರುತಿನ ಮಟ್ಟಿಗೆ ನಿಜ ಕೂಡ. ಹಸಿಯಿದ್ದಾಗ ಕಾಣುವ ಎಳೆಗಳು ಒಣಗುತ್ತಾ ಒಂದಾಗುತ್ತವೆ. ಇಳಿದ ಬಣ್ಣ ಮಾತ್ರ ಇಳಿದ ಹಾಗೆಯೇ ಒಣಗುತ್ತದೆ. ಅವತ್ತು ಸಂಜೆ ಮಕ್ಕಳೆಲ್ಲ ಹೋದ ಮೇಲೆ, ಡಬ್ಬಿ ತೊಳೆದಿಡುವಾಗ, ಆ ಹುಡುಗನಿಗೆ ಕೊಟ್ಟ ಮಾತು ಉಳಿಯಲಿ ಎಂದು ಇಳಿದ ಬಣ್ಣವನ್ನು ಕೆರೆದು ಕಂಬವನ್ನು ನೇರ ಮಾಡಿದೆ. ಪಕ್ಕದಲ್ಲೇ ಒಂದು ಬೆಕ್ಕಿತ್ತು, ಅದರ ಕಿವಿ ಕಣ್ಣಿಗೆ ಚುಚ್ಚುತ್ತಿತ್ತು. ಅದನ್ನೂ ಸ್ವಲ್ಪ. ಕೊಡೆಯನ್ನೂ ಸ್ವಲ್ಪ. ಕೈಗೆ ಒಮ್ಮೆ ರುಚಿ ಹತ್ತಿದರೆ ಮುಗಿಯಿತು.

ಬೆಳಿಗ್ಗೆ ಮಕ್ಕಳು ಗೋಡೆಯ ಮುಂದೆ ಬಾಯಿ ಬಿಟ್ಟುಕೊಂಡು ನಿಂತರು.

“ಆಂಟಿ, ಗೆರೇನೂ ಸರಿಹೋಗಿದೆ!”

“ಹೇಳಿರಲಿಲ್ವಾ, ಒಣಗಿದ್ರೆ ಎಲ್ಲಾ ಸರಿಹೋಗುತ್ತೆ ಅಂತ.”

ಈ ಸುಳ್ಳು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಖುಷಿಯಾಯಿತು. ಆಮೇಲೆ ದಿನಾ ಸಂಜೆ ಅದೇ ಕೆಲಸ. ಪೂರ್ತಿ ತಿದ್ದಿದರೆ ಸಿಕ್ಕಿಬೀಳುತ್ತೇನೆಂದು ಅಲ್ಲಲ್ಲಿ ಮಕ್ಕಳ ಕೈಯ ಗುರುತು ಉಳಿಸುತ್ತಿದ್ದೆ. ಕಳ್ಳತನಕ್ಕೂ ಒಂದು ಹದ ಬೇಕಲ್ಲ. ಹೆಡ್ ಮೇಡಂ ಬಂದು ನೋಡಿ, “ಮಕ್ಕಳ ಕೈಲಿ ಇಷ್ಟು ಚೆನ್ನಾಗಿ ಮಾಡಿಸಿದ್ದೀರಲ್ಲ,” ಎಂದಾಗ ನಾನು ಉಬ್ಬಿಹೋದೆ. ತಂಗಿ ನನ್ನ ಮುಖವನ್ನೊಮ್ಮೆ ನೋಡಿ ಸುಮ್ಮನೆ ಒಳಗೆ ಹೋದಳು.

ಪಟಪಟಿಯ ಬಸ್ಸಿನ ತಂಟೆಗೆ ಮಾತ್ರ ನಾನು ಹೋಗಿರಲಿಲ್ಲ. ಪರದೆ ಇತ್ತಲ್ಲ, ಕಣ್ಣಿಗೆ ಬೀಳುತ್ತಿರಲಿಲ್ಲ. ಉಳಿದವರು ಎರಡೆರಡು ವಸ್ತು ಮುಗಿಸಿದರೂ ಅವಳದು ಮುಗಿದಿರಲಿಲ್ಲ. ಕೊನೆಗೊಂದು ದಿನ ಮೂಗಿನ ಮೇಲೆಲ್ಲ ಕೆಂಪು ಬಣ್ಣ ಮಾಡಿಕೊಂಡು ಹೊರಗೆ ಬಂದಳು.

“ಮುಗೀತು. ನಾಳೆ ಬೆಳಿಗ್ಗೆ ಅಪ್ಪನ ಬಸ್ಸು ಬರೋ ಹೊತ್ತಿಗೆ ಪರದೆ ತೆಗೀತೀನಿ. ಅಷ್ಟರಲ್ಲಿ ಒಣಗಿರುತ್ತಲ್ವಾ ಆಂಟಿ?”

“ಒಣಗಿರುತ್ತೆ ಹೋಗು.”

ಸಂಜೆ ಪೇಪರ್ ಎತ್ತಿ ನೋಡಿದೆ. ಕಿಟಕಿಗಳು ಒಂದರ ಮೇಲೊಂದು ವಾಲಿದ್ದವು. ಮುಂದಿನ ಚಕ್ರ ಗಾಳಿ ಹೋದಂತೆ ಚಪ್ಪಟೆಯಾಗಿತ್ತು. ಅಂಚಿನ ಗೆರೆ ಉದ್ದಕ್ಕೂ ಸಣ್ಣಗೆ ಹಲ್ಲು ಹಲ್ಲಾಗಿತ್ತು. ಅಯ್ಯೋ ಪಾಪ, ನಾಳೆ ಅವಳಪ್ಪ ನೋಡಬೇಕಲ್ಲ ಎಂದುಕೊಂಡೆ. ನಿಜ ಹೇಳಬೇಕೆಂದರೆ ಪಾಪ ಎನ್ನಿಸಿದ್ದಕ್ಕಿಂತ ಆ ಗೆರೆ ಕಂಡು ನನ್ನ ಮೈಯೆಲ್ಲ ಪರಪರ ಎಂದದ್ದೇ ಹೆಚ್ಚು. ಗೆರೆ ಎಳೆಯುವಾಗ ಕೈ ಊರುವ ಕೋಲು ತೆಗೆದುಕೊಂಡು ಕೂತೆ. ಹೊಸದಾಗಿ ಕೆಂಪು ಬಳಿದು ಕಿಟಕಿಗಳನ್ನು ಸಾಲು ಹಿಡಿಸಿದೆ, ಚಕ್ರ ದುಂಡಗೆ ಮಾಡಿದೆ, ಅಂಚು ಎಳೆದೆ. ಈ ಸಲ ಹದ ಗಿದ ಎಲ್ಲ ಮರೆತುಹೋಯಿತು.

ಬೆಳಿಗ್ಗೆ ಪಟಪಟಿ ಪರದೆ ತೆಗೆದಳು. ಅಂಚಿನ ಮೇಲೆ ಬೆರಳಿಟ್ಟು ಈ ತುದಿಯಿಂದ ಆ ತುದಿಯವರೆಗೆ ನಡೆದಳು.

“ಆಂಟಿ, ಇದು ನಾನಾ ಮಾಡಿದ್ದು?”

“ಮತ್ತಿನ್ಯಾರು? ಒಣಗಿದೆ ಅಷ್ಟೇ.”

ಆಗಲೇ ಅವಳಪ್ಪನ ಬಸ್ಸು ಬಂತು. ಗೋಡೆಯ ಹತ್ತಿರ ನಿಧಾನವಾಯಿತು. ಡ್ರೈವರ್ ತಲೆ ಹೊರಗೆ ಹಾಕಿ ನೋಡಿದ. ಮೇಲಿಂದ ಮೇಲೆ ಹಾರ್ನ್ ಹೊಡೆದ. ಹಿಂದಕ್ಕೆ ತಿರುಗಿ ಬಸ್ಸಿನ ಜನಕ್ಕೆಲ್ಲ ಏನೋ ಹೇಳಿದ. ಕಿಟಕಿಗಳಲ್ಲಿ ತಲೆಗಳು ಕಾಣಿಸಿಕೊಂಡವು. ಪಟಪಟಿ ಬಸ್ಸಿನ ಹಿಂದೆ ಗೇಟಿನವರೆಗೂ ಕುಣಿಯುತ್ತ ಓಡಿದಳು. ನಾನು ಅವತ್ತು ಒಂದು ಒಳ್ಳೆಯ ಕೆಲಸ ಮಾಡಿದೆ ಎಂದೇ ನಂಬಿದ್ದೆ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಆ ವಾರದ ಕೊನೆಯಲ್ಲಿ ತಂಗಿ ನನ್ನನ್ನು ಸ್ಟಾಫ್ ರೂಮಿಗೆ ಕರೆದಳು. ಬೇರೆ ಯಾರೂ ಇರಲಿಲ್ಲ. ಬಾಗಿಲು ಮುಂದೆ ಮಾಡಿದಳು.

“ಪಟಪಟಿ ಅಮ್ಮ ಫೋನ್ ಮಾಡಿದ್ರು. ದಿನಾ ಕಾಳು ಆರಿಸಿ ಡಬ್ಬಿಗೆ ಹಾಕೋ ಅಭ್ಯಾಸ ಕೊಟ್ಟಿದ್ದಾರೆ ಡಾಕ್ಟ್ರು ಅವಳಿಗೆ. ಅದನ್ನ ಮಾಡೀ ಮಾಡೀನೇ ಅವಳು ಶರ್ಟಿನ ಗುಂಡಿ ಹಾಕ್ಕೊಳ್ಳೋದು ಕಲಿತಿದ್ದು. ಈಗ ಬಿಟ್ಟುಬಿಟ್ಟಿದ್ದಾಳಂತೆ. ‘ಇನ್ನು ಬೇಡಮ್ಮ, ನನ್ನ ಗೆರೆ ಒಣಗಿದ್ರೆ ಸರಿಹೋಗುತ್ತೆ’ ಅಂತಾಳಂತೆ.”

ನಾನು ಕಿಟಕಿಯಿಂದ ಗೋಡೆಯ ಕಡೆ ನೋಡಿದೆ.

“ಅವರಪ್ಪನೂ ಬಸ್ಸು ನೋಡಿ, ‘ಬಿಡು, ಕೈ ಸರಿಹೋಗ್ತಿದೆ, ಯಾಕೆ ಮಗೂನ ಗೋಳು ಹೊಯ್ಕೋತೀಯ’ ಅಂದಿದ್ದಾರೆ. ಅಕ್ಕಾ, ನನ್ನ ಮುಖ ನೋಡಿ ಹೇಳು. ಆ ಬಸ್ಸು ಯಾರದ್ದು?”

ನಾನು ಉಗುರಿನೊಳಗಿನ ಬಣ್ಣ ಕೆರೆಯುತ್ತ ಕೂತೆ.

“ನಾಳೆನೇ ಹೇಳ್ತೀನಿ ಅವಳಿಗೆ,” ಎಂದೆ ಕೊನೆಗೆ.

“ನೀನೇ ಹೇಳಬೇಕು. ನಾನು ಹೇಳಿದ್ರೆ ನಿನ್ನ ಮೇಲೆ ದೂರು ಹೇಳಿದ ಹಾಗಾಗುತ್ತೆ.”

ನಾಳೆ ಬಂತು, ಹೇಳಲಿಲ್ಲ. ಹೇಳಲೆಂದೇ ಹತ್ತಿರ ಹೋಗುತ್ತಿದ್ದೆ. ಅಷ್ಟರಲ್ಲಿ ಅವಳು, “ಆಂಟಿ, ನಿನ್ನೆ ಅಪ್ಪ ಡಿಪೋದಲ್ಲಿ ಎಲ್ಲರಿಗೂ ಹೇಳಿದ್ರಂತೆ,” ಎನ್ನುತ್ತಿದ್ದಳು. ನಾನು ಡಬ್ಬಿ ಎತ್ತಿಕೊಂಡು ಬಣ್ಣ ಕಲಸಲು ಹೋಗುತ್ತಿದ್ದೆ. ತಿದ್ದುವುದನ್ನಾದರೂ ನಿಲ್ಲಿಸೋಣವೆಂದು ಒಂದು ಸಂಜೆ ಬ್ರಷ್ ಮುಟ್ಟದೆ ಮನೆಗೆ ಹೋದೆ. ಬೆಳಿಗ್ಗೆ ಐಸ್‌ಕ್ರೀಮ್ ಹುಡುಗ ಸಪ್ಪಗೆ ನಿಂತಿದ್ದ. “ಎಲ್ಲರದ್ದೂ ಸರಿಹೋಗುತ್ತೆ, ನಂದ್ಯಾಕೆ ಆಂಟಿ ಹೋಗಿಲ್ಲ?” ಎಂದ. ಅವತ್ತು ಸಂಜೆ ಮತ್ತೆ ಕೂತು ಅವನದನ್ನೂ ತಿದ್ದಿದೆ. ನಾನು ತೋಡಿದ ಗುಂಡಿ, ಏಳಲೂ ಆಗದೆ ಕೂರಲೂ ಆಗದೆ ಅದರಲ್ಲೇ ಇದ್ದೆ. ತಂಗಿ, ಹೇಳಿದೆಯಾ ಎಂದು ಕೇಳುವುದನ್ನೂ ಬಿಟ್ಟಳು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಕೊನೆಯ ದಿನ ಮಕ್ಕಳು ಗೋಡೆಯ ಕೆಳಗಿನ ಪಟ್ಟಿಯಲ್ಲಿ ಸಾಲಾಗಿ ತಮ್ಮ ತಮ್ಮ ಹೆಸರು ಬರೆದರು. ಪಟಪಟಿ ತನ್ನ ಹೆಸರನ್ನು ನೀಲಿಯಲ್ಲಿ, ಎಲ್ಲರಿಗಿಂತ ದೊಡ್ಡದಾಗಿ ಬರೆದಳು. ಅಕ್ಷರಗಳು ಅಡ್ಡಾದಿಡ್ಡಿಯಾಗಿದ್ದವು, ಕೊನೆಯ ಅಕ್ಷರ ಪಟ್ಟಿಯಿಂದ ಆಚೆಗೇ ಹೋಗಿತ್ತು. ಅವಳಿಗೆ ಅದರ ಚಿಂತೆಯೇ ಇರಲಿಲ್ಲ. “ನಾಳೆ ಅಪ್ಪ ಇಲ್ಲಿ ಬಸ್ಸು ನಿಲ್ಲಿಸಿ ಇಳಿದು ನೋಡ್ತಾರಂತೆ,” ಎಂದಳು.

ಎಲ್ಲರೂ ಹೋದರು. ನಾನು ಡಬ್ಬಿ ತೊಳೆದೆ. ಸಣ್ಣ ಬ್ರಷ್ ತೆಗೆದುಕೊಂಡೆ. ತಿದ್ದಬೇಕೋ ಬಿಡಬೇಕೋ ಎಂದು ನಿರ್ಧರಿಸಿರಲಿಲ್ಲ. ಗೋಡೆಯ ಹತ್ತಿರ ಹೋದ ಮೇಲೆ ನೋಡೋಣ ಎಂದುಕೊಂಡು ಹೊರಗೆ ಬಂದೆ. ಅಲ್ಲಿ ಪಟಪಟಿ ಒಂದು ಬಕೆಟ್ ಬೋರಲು ಹಾಕಿಕೊಂಡು, ತನ್ನ ಹೆಸರಿನ ಮುಂದೆ ಕೂತಿದ್ದಳು.

“ಮನೆಗೆ ಹೋಗಲಿಲ್ವಾ?”

“ಅಮ್ಮ ಬರೋದು ಲೇಟು. ಇದು ಹೇಗೆ ಸರಿಹೋಗುತ್ತೆ ಅಂತ ನೋಡೋಣ ಅಂತ ಕೂತೆ. ಬನ್ನಿ, ನೀವೂ ಕೂತ್ಕೊಳ್ಳಿ.”

ನಾನು ಅವಳ ಪಕ್ಕ ನೆಲದ ಮೇಲೆ ಕೂತೆ. ಬ್ರಷ್ ಕೈಯಲ್ಲೇ ಇತ್ತು. ಸಂಜೆಯ ಬಿಸಿಲು ಗೋಡೆಯ ಮೇಲೆ ಇನ್ನೂ ಇತ್ತು.

“ಆಂಟಿ, ಇದು ಯಾವಾಗ ಅಲ್ಲಾಡುತ್ತೆ?”

“ಏನು?”

“ಗೆರೆ. ಸರಿಹೋಗೋವಾಗ ಅಲ್ಲಾಡಬೇಕಲ್ವಾ?” ಬೆರಳು ಚಾಚಿ ನೀಲಿಯನ್ನು ಮುಟ್ಟಿದಳು. ಬೆರಳಿಗೆ ಬಣ್ಣ ಹತ್ತಲಿಲ್ಲ. “ಅಯ್ಯೋ, ಇದು ಆಗಲೇ ಒಣಗಿದೆ.”

ಇನ್ನು ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ.

“ಅದು ಅಲ್ಲಾಡಲ್ಲ ಪುಟ್ಟಾ. ಒಣಗಿದ್ರೆ ಗೆರೆ ಸರಿಹೋಗಲ್ಲ. ನೀವೆಲ್ಲ ಮನೆಗೆ ಹೋದ್ಮೇಲೆ ನಾನು ತಿದ್ದುತ್ತಿದ್ದೆ.”

“ಎಲ್ಲರದ್ದೂನಾ?”

“ಎಲ್ಲರದ್ದೂ.”

“ಬಸ್ಸೂ?”

“ಬಸ್ಸೂ.”

ಅವಳು ಬಸ್ಸಿನ ಕಡೆ ತಿರುಗಿದಳು.

“ಕಿಟಕಿ?”

“ಹೂಂ.”

“ಚಕ್ರ?”

“ಅದೂ.”

“ಹಾಗಾದ್ರೆ ಅಪ್ಪ ಹಾರ್ನ್ ಹೊಡೆದಿದ್ದು ನಿಮ್ಮ ಬಸ್ಸಿಗಾ?”

ಅತ್ತಾಳು, ರೇಗಿಯಾಳು ಎಂದುಕೊಂಡಿದ್ದೆ. ಬಕೆಟ್ಟಿನಿಂದ ಎದ್ದು ನನ್ನ ಎದುರಿಗೆ ನಿಂತಳು.

“ಹಾಗಾದ್ರೆ ಇದನ್ನೂ ತಿದ್ದಿಬಿಡಿ.”

“ಇಲ್ಲ ಪುಟ್ಟಾ. ಅದು ನಿನ್ನ ಹೆಸರು. ನಾನು ಮುಟ್ಟಲ್ಲ. ಚೆನ್ನಾಗಿದೆ ಅದು.”

“ಚೆನ್ನಾಗಿದ್ರೆ ಬಸ್ಸನ್ನ ಯಾಕೆ ತಿದ್ದಿದ್ರಿ?”

ಕೈಯಲ್ಲಿದ್ದ ಬ್ರಷ್ಷನ್ನು ನೆಲದ ಮೇಲಿಟ್ಟೆ.

“ತಿದ್ದಿ ಆಂಟಿ. ನಾಳೆ ಅಪ್ಪ ಬರ್ತಾರೆ. ನಾನು ಯಾರಿಗೂ ಹೇಳಲ್ಲ.”

“ಬೇಡ ಕಣೇ. ನಾನೇ ನಿಮ್ಮಪ್ಪನಿಗೆ ಎಲ್ಲ ಹೇಳ್ತೀನಿ.”

“ನೀವೇನೂ ಹೇಳಬೇಡಿ,” ಎಂದಳು. ತೊಳೆಯದೆ ಉಳಿದಿದ್ದ ಗೋಡೆಯ ಬಣ್ಣದ ಡಬ್ಬಿ ಅಲ್ಲೇ ಇತ್ತು. ಅದರಲ್ಲಿದ್ದ ಅಗಲ ಬ್ರಷ್ಷನ್ನು ಎತ್ತಿಕೊಂಡು ತನ್ನ ಹೆಸರಿನ ಮೇಲೆ ಬಳಿಯತೊಡಗಿದಳು. ಕೈ ಎಷ್ಟು ನಡುಗುತ್ತಿತ್ತೆಂದರೆ ಬಣ್ಣ ಅವಳ ಫ್ರಾಕಿನ ಮೇಲೂ ನನ್ನ ಮೇಲೂ ಹಾರಿತು. ತಡೆಯಲು ಕೈ ಮುಂದೆ ಚಾಚಿದೆ. ಅವಳ ಕೆಲಸದ ಮೇಲೆ ಮತ್ತೆ ನನ್ನ ಕೈಯಾ ಎನ್ನಿಸಿ ಹಿಂದಕ್ಕೆ ತೆಗೆದುಕೊಂಡೆ. ನೀಲಿ ಒಂದಿಷ್ಟೂ ಕಾಣದಂತಾಗುವವರೆಗೆ ಅವಳು ಬಿಡಲಿಲ್ಲ. ಗೇಟಿನ ಹತ್ತಿರ ಅವಳಮ್ಮ ಕೂಗಿದರು. ಪಟಪಟಿ ಬ್ರಷ್ಷನ್ನು ಡಬ್ಬಿಯೊಳಗಿಟ್ಟು, ಬ್ಯಾಗ್ ಹಾಕಿಕೊಂಡು, ನನ್ನ ಕಡೆ ನೋಡದೆ ಹೋದಳು.

ಮರುದಿನ ಬೆಳಿಗ್ಗೆ ಮಕ್ಕಳು ಬರುವ ಮೊದಲೇ ನಾನು ಗೋಡೆಯ ಹತ್ತಿರ ನಿಂತಿದ್ದೆ. ಬಸ್ಸು ಬಂದು ನಿಂತಿತು. ಡ್ರೈವರ್ ಜನಕ್ಕೆ, “ಎರಡೇ ನಿಮಿಷ, ಮಗಳ ಹೆಸರು ನೋಡಿ ಬಂದೆ,” ಎಂದು ಹೇಳಿ ಇಳಿದ. ಒಗೆದು ಇಸ್ತ್ರಿ ಹಾಕಿದ ಯೂನಿಫಾರ್ಮು, ತಲೆ ಚೆನ್ನಾಗಿ ಬಾಚಿದ್ದ. ಪಟಪಟಿ ಅವನ ಹಿಂದಿನ ಸೀಟಿನಲ್ಲೇ ಕೂತು ಆ ಕಡೆಯ ಕಿಟಕಿಗೆ ಮುಖ ಮಾಡಿದ್ದಳು.

“ಹೊಟ್ಟೆನೋವು ಅಂತಾಳೆ, ಇಳಿಯಲ್ವಂತೆ. ನಿನ್ನೆಯಿಂದ ಮಾತೂ ಇಲ್ಲ,” ಎಂದ ಅವನು. ಬಗ್ಗಿ, ಹೆಸರುಗಳ ಸಾಲಿನ ಮೇಲೆ ಬೆರಳಿಟ್ಟು ಓದುತ್ತ ಹೋದ. ಕೊನೆಯವರೆಗೂ ಹೋಗಿ ನಿಂತ. ಮತ್ತೆ ಮೊದಲಿನಿಂದ ಶುರುಮಾಡಿದ. ಖಾಲಿ ಜಾಗದ ಹತ್ತಿರ ಬೆರಳು ನಿಂತಿತು. “ನಮ್ಮ ಹುಡುಗೀದು ಎಲ್ಲಿ ಪೇಂಟರಮ್ಮ?”

“ನಾನೇ ಅಳಿಸಿದ್ದು,” ಎಂದೆ.

ಅವನಿಗೆ ಅರ್ಥವಾಗಲಿಲ್ಲ. ಬೀದಿದೀಪದಿಂದ ಹಿಡಿದು ನಿನ್ನೆ ಸಂಜೆಯವರೆಗೆ ಎಲ್ಲವನ್ನೂ ಹೇಳಿದೆ. ಕಾಳಿನ ಅಭ್ಯಾಸ ಬಿಡಿಸಬೇಡಿ, ನೀವು ನಂಬಿದ್ದು ನನ್ನ ಕೈಯನ್ನು, ಅವಳ ಕೈಯನ್ನಲ್ಲ ಎಂದೂ ಹೇಳಿದೆ. ಅವನು ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತು. ಅವನು ಕೂಗಾಡಲಿಲ್ಲ. ಗೋಡೆಯ ಬಸ್ಸಿನ ಹತ್ತಿರ ಹೋಗಿ ಅದರ ಮೇಲೆ ಅಂಗೈ ಇಟ್ಟ.

“ಅವಳದ್ದು ಇದರ ಕೆಳಗಿದೆಯಾ?”

“ಇದೆ.”

“ಕೆರೆದ್ರೆ ಸಿಗುತ್ತಾ?”

“ಇಲ್ಲಣ್ಣ. ಎರಡೂ ಒಟ್ಟಿಗೇ ಕಿತ್ತು ಬರುತ್ತೆ.”

ಬಸ್ಸಿನಲ್ಲಿ ಯಾರೋ ಹೊತ್ತಾಯಿತೆಂದು ಗೊಣಗಿದರು. ಅವನು ತಿರುಗಿ ನೋಡಲಿಲ್ಲ.

“ಅವಳು ಯಾರಿಗೂ ತೋರಿಸಿರಲಿಲ್ಲ. ಮನೇಲಿ ಪೇಪರ್ ಮೇಲೂ ಬಿಡಿಸಿ ತೋರಿಸಲಿಲ್ಲ, ಗೋಡೆ ಮೇಲೇ ನೋಡಬೇಕು ಅಂದಿದ್ದಳು. ದೊಡ್ಡವರಲ್ಲಿ ನೋಡಿದವರು ನೀವೊಬ್ಬರೇ.” ಅವನ ದನಿ ತಗ್ಗಿತು. “ಹೇಳಿ, ಹೇಗಿತ್ತು ನನ್ನ ಮಗಳು ಬಿಡಿಸಿದ ಬಸ್ಸು?”

ನೆನಪಿಸಿಕೊಳ್ಳಲು ನೋಡಿದೆ. ಯಾವ ಕಿಟಕಿ ಯಾವ ಕಡೆ ವಾಲಿತ್ತು, ಚಕ್ರ ಎಲ್ಲಿ ಚಪ್ಪಟೆಯಾಗಿತ್ತು, ಅಂಚು ಎಲ್ಲೆಲ್ಲಿ ತಪ್ಪಿತ್ತು, ಎಲ್ಲ ಕಣ್ಣಿಗೆ ಕಟ್ಟಿದಂತಿತ್ತು. ಒಳಗೆ ಜನರನ್ನು ಕೂರಿಸಿದ್ದಳೋ, ಡ್ರೈವರ್ ಸೀಟಿನಲ್ಲಿ ಅಪ್ಪನನ್ನು ಬಿಡಿಸಿದ್ದಳೋ, ಆ ಮುಖ ನಗುತ್ತಿತ್ತೋ, ಒಂದೂ ನೆನಪಿಗೆ ಬರಲಿಲ್ಲ. ಅವನು ಕಾಯುತ್ತಿದ್ದ.

“ನಾನು ಅದನ್ನ ನೋಡಲೇ ಇಲ್ಲ ಅಣ್ಣಾ,” ಎಂದೆ.